ಠಾಣೆಗೆ ದೂರು ಕೊಡುವ ಕೆಲಸ

ನನಗೆ ಸಿಕ್ಕಿದ ಕೆಲಸ ಇಷ್ಟೇ: ಒಂದು ಸುಳ್ಳು ಪೊಲೀಸ್ ಠಾಣೆಗೆ ಹೋಗಿ, ಕಳುವೇ ಆಗದ ಒಂದು ಪಂಪಿನ ಬಗ್ಗೆ ದೂರು ಕೊಡದೆ ಕೂತಿರುವುದು. ಕೊಡುವುದಲ್ಲ, ಕೊಡದೆ ಇರುವುದು. ಅದಕ್ಕೆ ಸಂಬಳ. ಕೇಳಿದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಲಂಡನ್ನಿಗೆ ಬಂದ ಮೇಲೆ ನಾನು ನಿಂತು ಮಾಡುವ ಕೆಲಸವನ್ನೇ ಮಾಡಿದವಳು. ಕೂತು ಮಾಡುವ ಕೆಲಸ ಬಂದದ್ದು ಅದೇ ಮೊದಲು. ಬಿಡುತ್ತೇನೆಯೇ?

ಕೆಲಸ ತಂದವಳು ನಮ್ಮ ಕೆಂಟನ್ನಿನ ಬೀದಿಯಲ್ಲೇ ಇರುವ ಬೆಂಗಳೂರಿನ ಹೆಂಗಸು. ಅವಳ ಮುಖ್ಯ ಕೆಲಸ ಕಂಪ್ಯೂಟರು. ಬಿಡುವಿದ್ದಾಗ ಆಸ್ಪತ್ರೆ, ಕೋರ್ಟು ಅಂತ ಕನ್ನಡದವರಿಗೆ ದುಭಾಷಿಯಾಗಿ ಹೋಗುತ್ತಾಳೆ. ಒಂದು ಸಂಜೆ ಬಂದು ಅಡುಗೆಮನೆಯಲ್ಲೇ ಕೂತಳು.

"ಆಂಟಿ, ನೀವು ಜಗಳ ಚೆನ್ನಾಗ್ ಆಡ್ತೀರಲ್ಲ, ಅದಕ್ಕೇ ನಿಮ್ ಹೆಸ್ರು ಹೇಳ್ಬಿಟ್ಟೆ."

"ಯಾರತ್ರ ಜಗಳ?"

"ಪೊಲೀಸ್ ಹತ್ರ. ನಿಜವಾದ ಪೊಲೀಸೇ, ಆದ್ರೆ ಜಗಳ ಸುಳ್ಳು."

"ಮಧ್ಯಾಹ್ನ ಊಟ ಉಂಟಾ?"

"ಸ್ಯಾಂಡ್‌ವಿಚ್ ಕೊಡ್ತಾರೆ."

"ಹಾಗಾದ್ರೆ ನಾನೇ ಡಬ್ಬಿ ತರ್ತೇನೆ. ಎಂದಿನಿಂದ?"

ಆಮೇಲೆ ಅವಳು ವಿಷಯ ಬಿಡಿಸಿ ಹೇಳಿದಳು. ಯುದ್ಧ ನಿಂತ ದೇಶಗಳು, ಅರ್ಧ ನಿಂತ ದೇಶಗಳು ಇರುತ್ತವೆ. ನಿನ್ನೆಯವರೆಗೆ ಕೋವಿ ಹಿಡಿದು ಗುಡ್ಡದಲ್ಲಿದ್ದವರು ಕೆಲವರು, ಅವರನ್ನು ಹುಡುಕಿಕೊಂಡು ಗುಡ್ಡ ಹತ್ತಿದವರು ಕೆಲವರು. ಇಬ್ಬರಿಗೂ ಒಂದೇ ಬಣ್ಣದ ಅಂಗಿ ತೊಡಿಸಿ, ಇವತ್ತಿನಿಂದ ನೀವು ಪೊಲೀಸರು ಎಂದು ಹೇಳಿಬಿಡುತ್ತಾರೆ. ಜನ ನಂಬಬೇಕಲ್ಲ? ಠಾಣೆಯ ರಸ್ತೆಯಲ್ಲಿ ನಡೆಯುವುದನ್ನೇ ಬಿಡುತ್ತಾರೆ. ಅಂಥ ದೇಶಗಳ ಅಧಿಕಾರಿಗಳನ್ನು ಲಂಡನ್ನಿಗೆ ಕರೆಸಿ, ಒಬ್ಬ ಸಾಮಾನ್ಯ ಮನುಷ್ಯ ಬಂದು ದೂರು ಹೇಳುವ ಹಾಗೆ ಠಾಣೆಯನ್ನು ನಡೆಸುವುದು ಹೇಗೆ ಎಂದು ಕಲಿಸುವ ಕೋರ್ಸು ಇದು. ಸಾಮಾನ್ಯ ಮನುಷ್ಯಳಾಗಿ ನಾನು. ಬಂದವರಲ್ಲಿ ಒಬ್ಬರಿಗೂ ಬಾರದ ಭಾಷೆ ಬೇಕಿತ್ತಂತೆ. ಹಿಂದಿ ಕೆಲವರಿಗೆ ಬರುತ್ತದೆ, ಅರಬ್ಬಿ, ಫ್ರೆಂಚು ಬರುತ್ತದೆ. ಕನ್ನಡ ಯಾರಿಗೂ ಬರುವುದಿಲ್ಲ. ನನ್ನ ಮನೆಮಾತು ಕೊಂಕಣಿ. ಕನ್ನಡ ಶಾಲೆಯ ನಾಲ್ಕನೇ ಕ್ಲಾಸಿನದ್ದು, ಮಿಕ್ಕದ್ದು ಉಡುಪಿ ಕಡೆಯ ಬಸ್ಸು, ಸಂತೆಯಲ್ಲಿ ಕಲಿತದ್ದು. ಸುಳ್ಳು ಜಗಳಕ್ಕೆ ಅಷ್ಟು ಸಾಕು.

ಜಾಗ ರೇನರ್ಸ್ ಲೇನ್ ರೈಲು ಸ್ಟೇಷನ್ನಿನಿಂದ ಬಸ್ಸಿನಲ್ಲಿ ಸ್ವಲ್ಪ ದೂರ, ಮುಚ್ಚಿದ ಒಂದು ಶಾಲೆ. ಒಂದು ಕ್ಲಾಸ್ ರೂಮನ್ನು ಠಾಣೆ ಮಾಡಿದ್ದರು. ಒಂದು ಮೇಜು, ಎರಡು ಮೂರು ಕುರ್ಚಿ, ಬಾಗಿಲ ಹತ್ತಿರ ಮರಳು ಚೀಲ, ಗೋಡೆಗೆ ಇಲ್ಲದ ದೇಶದ ಬಾವುಟ. ಹತ್ತಿರ ಹೋಗಿ ಮುಟ್ಟಿ ನೋಡಿದೆ, ಕಿಟಕಿ ಪರದೆ. ಕಾವಲುಗಾರನಿಗೆ ಪ್ಲಾಸ್ಟಿಕ್ ಕೋವಿ. ಒಂದು ಮೂಲೆಯಲ್ಲಿ ಪರೀಕ್ಷಕರು ಕೂರುತ್ತಾರೆ, ಅವರು ಇಲ್ಲ ಎಂದು ನಾವು ತಿಳಿಯಬೇಕು.

ಎಲ್ಲವನ್ನೂ ನಡೆಸುವವರು ಲಂಡನ್ ಪೊಲೀಸಿನಲ್ಲಿ ಸಾರ್ಜೆಂಟ್ ಆಗಿದ್ದು ರಿಟೈರ್ ಆದ ಒಬ್ಬ ಮನುಷ್ಯ. ನಾನು ಅವರನ್ನು ಮಾಸ್ಟ್ರು ಎಂದೇ ಕರೆದೆ. ಅರ್ಥ ತಿಳಿದ ಮೇಲೆ ಅವರೂ ಓಗೊಟ್ಟರು. ಮೊದಲ ದಿನವೇ ನಮಗೆ ಜಗಳ. ಸೌತ್‌ಹಾಲಿನಿಂದ ಒಂದು ಹರಕು ಶಾಲು ತರಿಸಿ, ಹಳ್ಳಿಯ ಮುದುಕಿಯ ವೇಷ ಎಂದು ನನ್ನ ಕೈಗಿಟ್ಟರು.

"ಇವರಿಗೆ ಹೇಳು, ಠಾಣೆಗೆ ಹೋಗುವಾಗ ಯಾವ ಹೆಂಗಸೂ ಹರಕು ಹಾಕುದಿಲ್ಲ. ಮದುವೆಗೆ ಉಡುವ ಸೀರೆ ಉಡ್ತಾಳೆ. ಇಲ್ಲದಿದ್ರೆ ಗೇಟಲ್ಲೇ ಓಡಿಸ್ತಾರೆ. ಈ ಮನುಷ್ಯ ಇಷ್ಟು ವರ್ಷ ಎಂತ ನೋಡಿದ್ದಾನೆ?"

ಇಲ್ಲೂ ದುಭಾಷಿಯಾಗಿದ್ದ ಆ ಬೆಂಗಳೂರಿನವಳು ಇಂಗ್ಲಿಷಿನಲ್ಲಿ ಹೇಳಿದ್ದು: "ಅವರಿಗೆ ಸ್ವಂತ ಬಟ್ಟೆ ಹೆಚ್ಚು ಅನುಕೂಲವಂತೆ."

ನನಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತದೆ. "ನಾನು ಹೇಳಿದ್ದು ಅದಾ?"

"ಆಂಟಿ, ಮೊದಲ್ನೇ ದಿನಾನೇ ಬೇಡ..."

ಮಾಸ್ಟ್ರು ಅವಳನ್ನು ಬದಿಗೆ ಕರೆದು ಗದರಿದರು. ಬೈದರೆ ಬೈಗಳನ್ನೇ ತಿರುಗಿಸಿ ಹೇಳಬೇಕು, ಮುದುಕಿ 'ನಾನು' ಎಂದರೆ ನೀನೂ 'ನಾನು' ಎನ್ನಬೇಕು, ನಯ ಮಾಡಬಾರದು. ಅಧಿಕಾರಿ ನೋಡಬೇಕಾದ್ದು ಮುದುಕಿಯ ಮುಖವನ್ನು, ನಿನ್ನ ಮುಖವನ್ನಲ್ಲ. ಅವಳು ಪೂರಾ ಬದಲಾಗಲಿಲ್ಲ. ಬೆಂಗಳೂರಿನ ಮರ್ಯಾದೆ ಅಷ್ಟು ಬೇಗ ಹೋಗುವುದಿಲ್ಲ. ನಾನು "ನಿನ್ನ ತಲೆ" ಎಂದರೆ ಅವಳು "ನಿಮ್ಮ ತಲೆ, ಸರ್" ಎನ್ನುವ ಮಟ್ಟಕ್ಕೆ ಬಂದಳು. ಸೀರೆಯ ವಿಷಯದಲ್ಲಿ ನಾನು ಗೆದ್ದೆ. ಮಗಳು ಕೊಡಿಸಿದ ನೀಲಿ ರೇಷ್ಮೆ ಉಟ್ಟು, ಕಾಲಿಗೆ ದಪ್ಪ ಸಾಕ್ಸ್ ಹಾಕಿ ಹೋದೆ.

ನನ್ನ ಪಾತ್ರ ಹೀಗೆ. ನನ್ನ ಬಾವಿಯ ಪಂಪನ್ನು ಮೂವರು ಬಿಚ್ಚಿಕೊಂಡು ಹೋಗಿದ್ದಾರೆ. ಅವರಲ್ಲಿ ಒಬ್ಬ ಈಗ ಇದೇ ಠಾಣೆಯ ಕಾವಲುಗಾರ. ಬಾಯಿ ಬಿಟ್ಟರೆ ನಿನ್ನ ಮಗಳು ದಿನಾ ಈ ರಸ್ತೆಯಲ್ಲೇ ಹೋಗಬೇಕು, ನೆನಪಿಟ್ಟುಕೋ ಎಂದು ಹೇಳಿದ್ದಾನೆ. ಈಗ ನಾನು ದೂರು ಹೇಳಲು ಬಂದರೆ ಬಾಗಿಲಲ್ಲಿ ನಿಂತವನು ಅವನೇ. ಮಾಸ್ಟ್ರ ನಿಯಮ: ಮಾತು ಕಿವಿಗೆ ಬೀಳುವಷ್ಟು ಹತ್ತಿರ ಕಾವಲುಗಾರ ಇದ್ದರೆ ಪಂಪಿನ ಸುದ್ದಿ ಎತ್ತಬಾರದು. ಕೋಳಿ, ಮೊಣಕಾಲು ನೋವು, ಉಪ್ಪಿನ ಬೆಲೆ, ಏನು ಬೇಕಾದರೂ ಮಾತಾಡಬಹುದು. ಅಧಿಕಾರಿ ಅದನ್ನು ಗಮನಿಸಿ ಕಾವಲುಗಾರನನ್ನು ಹೊರಗೆ ಕಳಿಸಿದರೆ ಮಾತ್ರ ಸ್ವಲ್ಪ ಸ್ವಲ್ಪವಾಗಿ ಹೇಳಬೇಕು. ಕೊಟ್ಟ ಸಮಯದೊಳಗೆ ಕಳ್ಳನ ಹೆಸರು ಬಂದರೆ ಅಧಿಕಾರಿ ಪಾಸು. ಪ್ರತಿಯೊಬ್ಬರಿಗೆ ಎರಡು ಅವಕಾಶ. ಕಾವಲುಗಾರನ ಪಾತ್ರಕ್ಕೆ ಅವರವರಲ್ಲೇ ಒಬ್ಬರು.

ಮೊದಲ ದಿನಗಳಲ್ಲಿ ನನಗೆ ಬಹಳ ಮಜವಾಯಿತು. ಒಬ್ಬ ಅಧಿಕಾರಿ ನಾನು ಹೇಳಿದ್ದನ್ನೆಲ್ಲ ಬರೆದ, ಕೊನೆಯವರೆಗೆ ತಲೆ ಎತ್ತಲಿಲ್ಲ. ನಾನು ಎದ್ದು ಹೋಗಿ ಬೇರೊಬ್ಬಳು ಬಂದು ಕೂತಿದ್ದರೂ ತಿಳಿಯುತ್ತಿರಲಿಲ್ಲ. ಇನ್ನೊಬ್ಬ ನನ್ನ ತಲೆ ಸವರಿದ. ಕೈ ತಟ್ಟಿ ತೆಗೆದೆ. ಮತ್ತೊಬ್ಬ, ಇದು ಸಣ್ಣ ವಿಷಯ, ಊರ ಹಿರಿಯರ ಹತ್ತಿರ ಹೋಗು ಎಂದ. "ಊರ ಹಿರಿಯಳು ನಾನೇ, ನೀನು ಯಾರತ್ರ ಹೋಗು ಹೇಳುದು?" ಎಂದೆ. ದುಭಾಷಿ ಅದನ್ನು ಇದ್ದ ಹಾಗೇ ಹೇಳಿದಳು. ಮೂಲೆಯ 'ಇಲ್ಲದ' ಪರೀಕ್ಷಕರೆಲ್ಲ ಗೊಳ್ಳೆಂದು ನಕ್ಕರು.

ಇಷ್ಟು ಮಂದಿಯ ನಡುವೆ ಹೆಂಗಸು ಒಬ್ಬಳೇ. ನಲವತ್ತರ ಹತ್ತಿರದವಳು, ಗಟ್ಟಿ ಮೈ, ಕೂದಲು ಬಿಗಿದು ಕಟ್ಟಿದ್ದಳು. ಇನ್‌ಸ್ಪೆಕ್ಟರು. ಅವಳ ದೇಶದ ಹೆಸರು ಬರೆಯುವುದು ಬೇಡ ಎಂದಿದ್ದಾರೆ. ಬರೆ ಎಂದಿದ್ದರೂ ನನ್ನ ಬಾಯಲ್ಲಿ ಅದು ತಿರುಗುತ್ತಿರಲಿಲ್ಲ. ಅವಳ ಸರದಿ ಬಂದ ದಿನ ನಾನು ಬಾಗಿಲಿಗೆ ಬಂದೊಡನೆ ಅವಳೇ ಎದ್ದು ಬಂದಳು. ನೀರು ಕೊಟ್ಟಳು. ಕುರ್ಚಿಯನ್ನು ಮೇಜಿನ ಆಚೆಯಿಂದ ಎಳೆದು ನನ್ನ ಪಕ್ಕಕ್ಕೆ ಹಾಕಿಕೊಂಡಳು. ನನ್ನ ಮುಖವನ್ನೇ ನೋಡಿ ಮಾತಾಡಿದಳು. ಮೊಣಕಾಲು ಎಂದರೆ ಯಾವ ಕಾಲು ಎಂದು ಕೇಳಿದಳು. ಇವಳು ಪಾಸಾದಳು ಎಂದುಕೊಂಡೆ.

ಆಗ ಕಾವಲುಗಾರ ಒಳಗೆ ಬಂದ. ಅವನೂ ಅವಳ ದೇಶದವನೇ. ಒಂದೇ ದೇಶದವರನ್ನು ಜೊತೆ ಮಾಡಿದರೆ ಆಮೇಲೆ ತಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳಲು ಅನುಕೂಲ ಎಂದು ಮಾಸ್ಟ್ರು ಹಾಗೆ ಮಾಡಿದ್ದರು. ಆದರೆ ಕಾವಲುಗಾರನ ಪಾತ್ರಕ್ಕೆ ಅವರು ಹಾಕಿದ್ದು ಅವಳ ನಿಜವಾದ ಮೇಲಧಿಕಾರಿಯನ್ನು. ದೊಡ್ಡ ಹುದ್ದೆ, ದೊಡ್ಡ ಹೊಟ್ಟೆ, ದೊಡ್ಡ ನಗು. ಅವನು ಪ್ಲಾಸ್ಟಿಕ್ ಕೋವಿ ಹಿಡಿದು ಒಳಗೆ ಕಾಲಿಟ್ಟನೋ ಇಲ್ಲವೋ, ಇವಳು ಕುರ್ಚಿಯಿಂದ ಸೆಟೆದು ಎದ್ದು ನಿಂತಳು, ಹಿಮ್ಮಡಿ ಜೋಡಿಸಿ. ಪೇದೆಯ ಪಾತ್ರದವನಿಗೆ ಇನ್‌ಸ್ಪೆಕ್ಟರ ಸಲಾಮು! ಅವನು ಕೈ ಬೀಸಿ ಕೂರು ಎಂದ ಮೇಲೆ ಕೂತಳು, ಅದೂ ಕುರ್ಚಿಯ ತುದಿಯಲ್ಲಿ. ಆಮೇಲೆ ಅವಳ ಕಣ್ಣು ನನ್ನ ಮೇಲಿದ್ದರೂ ಬೆನ್ನು ಪೂರಾ ಅವನ ಮೇಲಿತ್ತು. ನಾನು ಕೋಳಿಗಳ ಬಗ್ಗೆ ಹೇಳಿದೆ. ಬಾಗಿಲ ಕಡೆ ನೋಡಿದೆ, ಸೆರಗು ಹೊದ್ದೆ, ದನಿ ತಗ್ಗಿಸಿದೆ. ಅವಳಿಗೆ ಎಲ್ಲವೂ ತಿಳಿಯಿತು, ಅದು ನನಗೆ ಕಂಡಿತು. ಆದರೆ 'ಹೊರಗೆ ಹೋಗು' ಎನ್ನಲು ಅವಳ ನಾಲಗೆ ಏಳಲಿಲ್ಲ. ಸಮಯ ಮುಗಿಯಿತು.

ಫೇಲು. ಕಾರಣ: ಕಾವಲುಗಾರನ ಕಡೆ ಗಮನ ಕೊಡಲಿಲ್ಲ. ಗಮನ ಕೊಡಲಿಲ್ಲವಂತೆ! ಅವನನ್ನು ಬಿಟ್ಟು ಬೇರೆ ಏನನ್ನಾದರೂ ಅವಳು ಗಮನಿಸಿದ್ದರೆ ತಾನೆ.

ಮಧ್ಯಾಹ್ನ ಅವಳು ನನ್ನ ಬೆಂಚಿಗೆ ಬಂದು ಕೂತಳು. ನನ್ನ ಡಬ್ಬಿಯಲ್ಲಿ ಕೋರಿರೊಟ್ಟಿ, ಖಾರದ ಕೋಳಿಸಾರು ಇತ್ತು. ಅವಳ ಸ್ಯಾಂಡ್‌ವಿಚ್ಚನ್ನು ಒಂದು ಸಲ ನೋಡಿ, ಅರ್ಧ ಅವಳ ಮುಂದೆ ಸರಿಸಿದೆ. ಇಬ್ಬರಿಗೂ ಇಂಗ್ಲಿಷು ಸಮಾ ಬರುವುದಿಲ್ಲ, ಹಾಗಾಗಿ ಮಾತು ಬೇಗ ಅರ್ಥವಾಯಿತು.

"ನಾನು, ಇನ್‌ಸ್ಪೆಕ್ಟರ್," ಎಂದಳು ಎದೆ ಮುಟ್ಟಿ. "ಅಲ್ಲಿ, ಕಿಚನ್."

"ಕಿಚನ್? ಅಡುಗೆ?"

"ಅಡುಗೆ. ನೂರು ಗಂಡಸರಿಗೆ. ಸ್ಟಾರ್ ಇದೆ," ಎಂದು ಹೆಗಲು ತೋರಿಸಿದಳು. "ಸ್ಟಾರ್ ಹಾಕಿಕೊಂಡು ಅಡುಗೆ."

ದುಡ್ಡು ಕೊಡುವ ದೇಶಗಳು ಹೆಂಗಸರನ್ನೂ ಸೇರಿಸಿ ಎಂದು ಹಟ ಹಿಡಿದದ್ದರಿಂದ ಸೇರಿಸಿದರಂತೆ, ಸೇರಿಸಿ ಬ್ಯಾರಕ್ಕಿನ ಒಲೆಯ ಮುಂದೆ ಕೂರಿಸಿದರಂತೆ. ಈ ಕೋರ್ಸು ಪಾಸಾದವರು ಅಲ್ಲಿಯ ಹೊಸ ಪೊಲೀಸ್ ಶಾಲೆಯಲ್ಲಿ ಹುಡುಗರಿಗೆ ಕಲಿಸುವವರಾಗುತ್ತಾರೆ. ಫೇಲಾದವರು ಎಲ್ಲಿಂದ ಬಂದರೋ ಅಲ್ಲಿಗೆ. ಅವಳ ಪಾಲಿಗೆ ಅಂದರೆ ಒಲೆಗೆ.

"ಆ ದೊಡ್ಡ ಮನುಷ್ಯ?" ಎಂದು ಕೇಳಿದೆ.

"ಯುದ್ಧದಲ್ಲಿ, ಕಮಾಂಡರ್. ಈಗ, ಕಮಾಂಡರ್."

"ಮುಂದೆ?"

"ಮುಂದೆ, ಕಮಾಂಡರ್." ಹೇಳಿ ಜೋರಾಗಿ ನಕ್ಕಳು. ಖಾರಕ್ಕೆ ಮೂಗಿನಲ್ಲಿ ನೀರು ಬಂತು.

ಆ ದೊಡ್ಡವನ ಸರದಿ ಮರುದಿನ. ಈಗ ಅವನು ಅಧಿಕಾರಿ, ಅವಳು ಕಾವಲುಗಾರ್ತಿ. ಪ್ಲಾಸ್ಟಿಕ್ ಕೋವಿ ಹಿಡಿದು ಬಾಗಿಲಲ್ಲಿ ಗೊಂಬೆಯ ಹಾಗೆ ನಿಂತಳು. ಅವನಂಥ ಅಧಿಕಾರಿ ನನಗೆ ಮೊದಲು ಸಿಕ್ಕಿರಲಿಲ್ಲ. ತನ್ನ ಕೋಟನ್ನೇ ಬಿಚ್ಚಿ ನನಗೆ ಹೊದಿಸಿದ. ಅಮ್ಮ ಎಂದ. ನನ್ನ ಸೀರೆಯ ಬಣ್ಣ ಹೊಗಳಿದ. ನಾನು ಕೋಳಿಯ ಸುದ್ದಿ ತೆಗೆದೆ. ಎಷ್ಟು ಕೋಳಿ, ಯಾವ ಬಣ್ಣ, ಮೊಟ್ಟೆ ಇಡುತ್ತದೆಯೇ, ಎಲ್ಲ ಕೇಳಿದ. ನಾನೂ ಹೇಳಿದೆ. ಕೊನೆಗೆ ನನ್ನ ಹುಂಜಕ್ಕೆ ಒಂದು ಹೆಸರನ್ನೂ ಇಟ್ಟೆ. ಅವನು ಅದನ್ನು ಬರೆದುಕೊಂಡ. ಪಂಪಿನ ಗಾಳಿಯೂ ಅವನಿಗೆ ಸೋಕಲಿಲ್ಲ.

ಸಮಯ ಮುಗಿದ ಮೇಲೆ ಅವನು ಬೇಜಾರಿನಲ್ಲಿ ಮಾಸ್ಟ್ರನ್ನು ಕೇಳಿದ, "ನಾನು ಇಷ್ಟು ಒಳ್ಳೆಯದಾಗಿ ಮಾತಾಡಿದೆ. ಯಾಕೆ ಹೇಳಲಿಲ್ಲ ಈ ಅಮ್ಮ?"

"ಕೋಣೆಯಲ್ಲಿ ಇನ್ಯಾರಿದ್ದರು?" ಎಂದರು ಮಾಸ್ಟ್ರು.

ಅವನು ಸುತ್ತ ನೋಡಿದ. "ಯಾರೂ ಇರಲಿಲ್ಲ."

ಅವಳು ಅಲ್ಲೇ ನಿಂತಿದ್ದಳು, ಅವನಿಂದ ಒಂದು ಕೈ ದೂರದಲ್ಲಿ. ಯಾರೂ ನಗಲಿಲ್ಲ. ದುಭಾಷಿಯೂ ನಗಲಿಲ್ಲ. ನನಗೆ ಮಾತ್ರ ಸ್ವಲ್ಪ ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡೆ.

ಎರಡನೇ ಸಲ ಅವನಿಗೆ ಕಷ್ಟವಾಗಲಿಲ್ಲ. ಒಮ್ಮೆ ತಿಳಿಸಿಕೊಟ್ಟ ಮೇಲೆ ಅವಳಿಗೆ "ಹೊರಗೆ" ಎನ್ನಲು ಅವನಿಗೇನು ಕಷ್ಟ? ಬೆರಳು ತೋರಿಸಿದ, ಅವಳು ಹೋದಳು, ನಾನು ಪಂಪಿನ ಸುದ್ದಿ ಹೇಳಿದೆ. ನಿಯಮ ನಿಯಮವೇ. ಅವನು ಪಾಸಾದ.

ಈಗ ಉಳಿದದ್ದು ಅವಳ ಎರಡನೇ ಸಲ. ಕಾವಲುಗಾರ ಮತ್ತೆ ಅವನೇ. ಚಹಾದ ಹೊತ್ತಿನಲ್ಲಿ ನಾನು ಮಾಸ್ಟ್ರ ಮುಂದೆ ಹೋಗಿ ನಿಂತೆ, ದುಭಾಷಿಯನ್ನು ಕೈ ಹಿಡಿದು ಎಳೆದುಕೊಂಡು.

"ಹೇಳು ಇವರಿಗೆ. ಮನೆಯ ಯಜಮಾನನನ್ನೇ ಕೆಲಸದವನ ವೇಷ ಹಾಕಿಸಿ ಸೊಸೆಯ ಮುಂದೆ ನಿಲ್ಲಿಸಿದ್ದಾರೆ. ಸೊಸೆ ಹೇಗೆ ಹೊರಗೆ ಹೋಗು ಹೇಳ್ತಾಳೆ? ಇವರಿಗೆ ಅಷ್ಟೂ ಗೊತ್ತಾಗುದಿಲ್ವಾ?"

ದುಭಾಷಿ ಒಂದು ಗುಟುಕು ಚಹಾ ನುಂಗಿ, ಎಲ್ಲವನ್ನೂ ಹಾಗೇ ಹೇಳಿದಳು. ಸೊಸೆಯ ಸಮೇತ. ಮಾಸ್ಟ್ರ ಕಿವಿ ಕೆಂಪಾಯಿತು. ಅವರು ಒಳ್ಳೆಯ ಮನುಷ್ಯ, ವಾದ ಮಾಡಲಿಲ್ಲ. ಅದು ತನ್ನ ತಪ್ಪು, ಕಾವಲಿಗೆ ಬೇರೆ ದೇಶದ ಯಾರನ್ನಾದರೂ ಹಾಕುತ್ತೇನೆ ಎಂದು ಇನ್‌ಸ್ಪೆಕ್ಟರಮ್ಮನನ್ನು ಕರೆದು ಹೇಳಿದರು.

ಅವಳು ಕೇಳಿಸಿಕೊಂಡಳು. ಆಮೇಲೆ, "ನೋ," ಎಂದಳು.

"ಯಾಕೆ?"

"ಊರಲ್ಲಿ, ಬಾಗಿಲಲ್ಲಿ, ಅವನೇ." ಕೈಯಲ್ಲಿ ಹೊಟ್ಟೆಯ ಅಳತೆ ತೋರಿಸಿದಳು. "ಬೇರೆಯವನು ಬರುವುದಿಲ್ಲ. ಅವನೇ ಇರಲಿ."

ನನಗೆ ಸಿಟ್ಟು ಬಂತು. ನಾನು ಜಗಳಾಡಿ ತಂದ ಅನುಕೂಲವನ್ನು ಇವಳು ಬೇಡ ಎಂದಳಲ್ಲ! ಕಾರಿನಲ್ಲಿ ಮನೆಗೆ ಬರುವಾಗ ದುಭಾಷಿ ಶುರು ಮಾಡಿದಳು.

"ಆಂಟಿ, ನಾಳೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಅವ್ನು ಸ್ವಲ್ಪ ದೂರ ಇದ್ದಾಗ ಹೆಸ್ರು ಹೇಳ್ಬಿಡಿ. ಯಾರಿಗ್ ಗೊತ್ತಾಗತ್ತೆ? ಪಾಪ, ಅಡುಗೆ ಮನೆಗೆ ಹೋಗ್ತಾಳೆ."

"ಆಗುದಿಲ್ಲ."

"ಯಾಕ್ ಆಗಲ್ಲ? ನಿಮಗೇ ಅವಳನ್ನ ಕಂಡ್ರೆ ಇಷ್ಟ."

"ಇಷ್ಟ ಉಂಟು. ನಾಳೆ ನಾನು ಸುಮ್ನೆ ಹೇಳ್ತೇನೆ, ಅವಳು ಪಾಸಾಗ್ತಾಳೆ. ಅಲ್ಲಿ ಹೋಗಿ ಹುಡುಗರಿಗೆ ಕಲಿಸ್ತಾಳೆ, ಹೀಗೆ ಮಾಡಿದ್ರೆ ಮುದುಕಿಯರು ಹೇಳ್ತಾರೆ ಅಂತ. ಮತ್ತೆ ನಿಜವಾದ ಮುದುಕಿ ಬಂದು ಬಾಯಿ ಬಿಟ್ಟರೆ, ಅವಳ ಮಗಳಿಗೆ ರಸ್ತೆಯಲ್ಲಿ ಬೀಳ್ತದೆ ಪೆಟ್ಟು. ನಿನಗೆ ಬೀಳುದಾ? ನನಗೆ ಬೀಳುದಾ?"

ಇಂಡಿಕೇಟರು ಟಿಕ್ ಟಿಕ್ ಎನ್ನುತ್ತಿತ್ತು. ನಾನು ಊರಿನಲ್ಲಿದ್ದಾಗ ಒಮ್ಮೆ, ಪಕ್ಕದ ಮನೆಯವನು ಸಾರಾಯಿ ಬೇಯಿಸುತ್ತಾನೆ, ಕುಡಿದವರು ನಮ್ಮ ಅಂಗಳದಲ್ಲಿ ಬಿದ್ದಿರುತ್ತಾರೆ ಎಂದು ದೂರು ಹೇಳಲು ಠಾಣೆಗೆ ಹೋಗಿದ್ದೆ. ಒಳ್ಳೆಯ ಸೀರೆ ಉಟ್ಟೇ ಹೋಗಿದ್ದೆ. ಒಳಗೆ ನೋಡಿದರೆ ಸಾರಾಯಿಯವನು ಬೆಂಚಿನಲ್ಲಿ ಕೂತು ರೈಟರ ಜೊತೆ ಚಹಾ ಕುಡಿಯುತ್ತಿದ್ದ. "ಎಂತ ಬಾಯಮ್ಮ, ಈ ಕಡೆ?" ಎಂದು ಅವನೇ ಕೇಳಿದ. ಮೀನು ಮಾರ್ಕೆಟ್ಟಿಗೆ ದಾರಿ ಯಾವುದು ಎಂದು ಕೇಳಿ ಹೊರಬಂದೆ. ಹುಟ್ಟಿದ ಊರಿನ ಮೀನು ಮಾರ್ಕೆಟ್ಟಿಗೆ! ಅದನ್ನು ದುಭಾಷಿಗೆ ಹೇಳಿದೆ. ಅವಳು ನಗುತ್ತಾ ನಗುತ್ತಾ ನಮ್ಮ ಬೀದಿಯ ತಿರುವು ದಾಟಿ ಮುಂದೆ ಹೋದಳು, ಮತ್ತೆ ತಿರುಗಿಸಿಕೊಂಡು ಬರಬೇಕಾಯಿತು.

ಮರುದಿನ ಮೋಡ. ಇನ್‌ಸ್ಪೆಕ್ಟರಮ್ಮ ನನ್ನನ್ನು ಬಾಗಿಲಲ್ಲಿ ಎದುರುಗೊಂಡಳು, ನೀರು ಕೊಟ್ಟಳು. ದೊಡ್ಡವನು ಒಳಗೆ ಬಂದ. ಅವಳ ಮೊಣಕಾಲು ಏಳಲು ಹೊರಟದ್ದು ನನಗೆ ಕಂಡಿತು. ಅವಳು ತೊಡೆಯ ಮೇಲೆ ಕೈಯೊತ್ತಿ ಕೂತೇ ಇದ್ದಳು. ಸರಿ, ಒಂದು ಮೆಟ್ಟಿಲು ಹತ್ತಿದಳು. ನಾನು ಕೋಳಿ ತೆಗೆದೆ, ಬಾಗಿಲ ಕಡೆ ನೋಡಿದೆ. ಅವಳು ಎದ್ದು ಎರಡು ಕೈಯಲ್ಲಿ ಎರಡು ಕುರ್ಚಿ ಎತ್ತಿಕೊಂಡಳು. "ಇಲ್ಲಿ ಸೆಕೆ. ಹೊರಗೆ ಕೂರೋಣ," ಎಂದಳು. ಲಂಡನ್ನಿನ ಆ ಚಳಿಯಲ್ಲಿ ಸೆಕೆ! ಉಪಾಯ ಒಳ್ಳೆಯದೇ. ಅವನನ್ನು ಹೊರಗೆ ಕಳಿಸಲು ಆಗದಿದ್ದರೆ ತಾನೇ ಹೊರಗೆ ಹೋಗುವುದು.

ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿ ಕೂತೆವು. ಪರೀಕ್ಷಕರು ಕಿಟಕಿಗೆ ಬಂದರು. ದೊಡ್ಡವನು ಏನು ಮಾಡಿದ? ಕೋವಿ ಹೆಗಲಿಗೇರಿಸಿ ಹಿಂದೆಯೇ ಬಂದು, ನಮ್ಮ ಬೆನ್ನಿಗೆ ನಿಂತ. ಕಾವಲುಗಾರನಲ್ಲವೇ, ಅಧಿಕಾರಿ ಹೋದಲ್ಲಿ ಹೋಗಬೇಕು. ಅವನು ಮಾಡಿದ್ದು ತಪ್ಪಲ್ಲ. ಮುಖದಲ್ಲಿ ನಗು ಇತ್ತು. ನಾನು ಉಪ್ಪಿನ ಬೆಲೆ ಹೇಳಿದೆ. ಹನಿ ಬೀಳಲು ಶುರುವಾಯಿತು. ದುಭಾಷಿ ಕೊಡೆ ಬಿಡಿಸಿ ನನ್ನ ಮೇಲೆ ಹಿಡಿದಳು. ಅವಳ ಕಣ್ಣು ನನ್ನನ್ನೇ ಕೇಳುತ್ತಿತ್ತು, ಹೇಳ್ಬಿಡಿ ಆಂಟಿ ಎಂದು. ಇನ್‌ಸ್ಪೆಕ್ಟರಮ್ಮ ಕೇಳಿದ್ದನ್ನೇ ಕೇಳಿದಳು. ನಾನು ಹೇಳಿದ್ದನ್ನೇ ಹೇಳಿದೆ. ಹೀಗೇ ಸಮಯ ಮುಗಿಯುವುದು, ಮುಗಿದ ಮೇಲೆ ಅವಳು ಒಲೆಗೆ ಹೋಗುವುದು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ನಾನು ಎದ್ದೆ.

ಅದುವರೆಗೆ ಒಂದು ದಿನವೂ ನಾನು ನಡುವೆ ಎದ್ದಿರಲಿಲ್ಲ. ಏಳಬಾರದು ಎಂಬ ನಿಯಮ ಇರಲಿಲ್ಲ, ಕೂರುವುದೇ ಸುಖವಾದ್ದರಿಂದ ಕೂತಿರುತ್ತಿದ್ದೆ. ಅವಳಿಗೆ ಸಹಾಯ ಮಾಡಲು ಎದ್ದೆ ಎಂದು ಆಮೇಲೆ ಕೆಲವರು ಹೇಳಿದರು. ಕುರ್ಚಿ ನೆನೆದು ನನ್ನ ಹಿಂಭಾಗ ಒದ್ದೆಯಾಗಿತ್ತು, ಅದೂ ರೇಷ್ಮೆ ಸೀರೆ. ಮತ್ತೆ, ನಿಜವಾದ ಮುದುಕಿಯಾದರೂ ಇನ್ನೆಷ್ಟು ಹೊತ್ತು ಕೂರುತ್ತಾಳೆ? ಎದ್ದು ಹೋಗುತ್ತಾಳೆ, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ನಾನು ಹಾಗೇ ಮಾಡಿದೆ.

"ನಾನು ಹೋಗ್ತೇನೆ. ಕೋಳಿ ಮುಚ್ಚುವ ಹೊತ್ತಾಯ್ತು," ಎಂದು ಗೇಟಿನ ಕಡೆ ನಡೆದೆ.

ಗೇಟು ನಿಜವಾದದ್ದು. ಆಚೆ ನಿಜವಾದ ರಸ್ತೆ, ಬಸ್ ಸ್ಟಾಪು. ಬಸ್ಸು ಬಂದಿದ್ದರೆ ಹತ್ತಿಯೇ ಬಿಡುತ್ತಿದ್ದೆ.

ಹಿಂದಿನಿಂದ ಒಂದು ದನಿ ಬಂತು. ಎರಡೇ ಮಾತು, ಅವರ ಭಾಷೆಯಲ್ಲಿ. ಕಿರುಚಿದ್ದಲ್ಲ. ಹಾಲು ಉಕ್ಕುವಾಗ ಒಲೆಯ ಮುಂದೆ ನಿಂತವಳು ಪಕ್ಕದವಳಿಗೆ ಹೇಳುವ ದನಿ, ಕೇಳಿದವರ ಕೈ ತಾನಾಗಿ ಆಡುವಂಥದ್ದು. ತಿರುಗಿ ನೋಡಿದೆ. ಅವಳು ಎದ್ದು ನಿಂತಿದ್ದಳು, ಆದರೆ ಸೆಟೆದು ಅಲ್ಲ. ಕೈ ಅಂಗಳದ ತುದಿಯ ಕಸದ ಡಬ್ಬಿಗಳ ಕಡೆ ತೋರಿಸುತ್ತಿತ್ತು. ದೊಡ್ಡವನ ನಗು ಹೋಗಿತ್ತು. ಅವನು ಅವಳನ್ನು ನೋಡಿದ, ಕಿಟಕಿಯಲ್ಲಿದ್ದ ಮಾಸ್ಟ್ರನ್ನು ನೋಡಿದ. ಮಾಸ್ಟ್ರು ಛಾವಣಿ ನೋಡಿದರು. ಅವಳು ಅದೇ ಎರಡು ಮಾತನ್ನು ಇನ್ನೊಮ್ಮೆ ಹೇಳಿದಳು, ಮೊದಲಿಗಿಂತ ಮೆಲ್ಲಗೆ. ಅವನು ಹೋದ. ಡಬ್ಬಿಗಳ ಪಕ್ಕ ಗೋಡೆಗೆ ಮುಖ ಮಾಡಿ ನಿಂತ.

ಅವಳು ಓಡಿ ಬಂದು ನನ್ನ ಜೊತೆ ನಡೆದಳು. ಕೈ ಹಿಡಿಯಲಿಲ್ಲ, ದಾರಿಗೆ ಅಡ್ಡ ಬರಲಿಲ್ಲ. ದುಭಾಷಿ ಕೊಡೆ ಹಿಡಿದು ಏದುಸಿರು ಬಿಡುತ್ತಾ ನಮ್ಮ ಹಿಂದೆ.

"ಅವನು ಅಲ್ಲಿದ್ದಾನೆ, ನೋಡಿ. ಕೇಳಿಸುವುದಿಲ್ಲ," ಎಂದಳು. "ಬಸ್ಸಿಗೆ ಹೋಗಬೇಕಾದರೆ ಹೋಗಿ, ನಾನು ಸ್ಟಾಪಿನವರೆಗೆ ಬರುತ್ತೇನೆ. ಒಳಗೆ ಬಂದರೆ, ನಾನು ಕೇಳುತ್ತೇನೆ."

ನಾನು ಗೋಡೆಯ ಕಡೆ ನೋಡಿದೆ. ದೂರ ಸಾಕಷ್ಟಿತ್ತು. ನಿಯಮದ ಪ್ರಕಾರ ಸರಿ. ಒಳಗೆ ಹೋಗಿ ಕೂತೆ. ಪಂಪಿನ ವಿಷಯ ಹೇಳಿದೆ, ಮೂವರು ಎಂದೆ, ಮಗಳ ರಸ್ತೆಯ ಮಾತು ಹೇಳಿದೆ. ಅವಳು ಹೆಸರು ಕೇಳಲು ಅವಸರ ಮಾಡಲಿಲ್ಲ. ಮಗಳು ಯಾವ ಹೊತ್ತಿಗೆ ಹೋಗುತ್ತಾಳೆ, ಬೇರೆ ದಾರಿ ಇದೆಯೇ, ಜೊತೆಗೆ ಯಾರು ಎಂದು ಮೊದಲು ಕೇಳಿದಳು. ಅದನ್ನು ಬೇರೆ ಯಾರೂ ಕೇಳಿರಲಿಲ್ಲ, ಪಾಸಾದವರೂ ಕೇಳಿರಲಿಲ್ಲ. ಕೊನೆಗೆ ನಾನೇ ಹೆಸರು ಹೇಳಿದೆ.

ಮಾಸ್ಟ್ರು ಮೂಲೆಯಿಂದ ಎದ್ದು ಬಂದು, ಠಾಣೆ ಕಾಯಲು ಯಾರನ್ನೂ ಬಿಡದೆ ಅಂಗಳಕ್ಕೆ ಹೋದದ್ದಕ್ಕೆ ಅಂಕ ಕಡಿತ ಎಂದರು. ಅವಳ ಮುಖ ಸಣ್ಣಗಾಯಿತು. "ಕಡಿತದ ಮೇಲೂ ಪಾಸು," ಎಂದರು. ದುಭಾಷಿ ಕೊಡೆ ಬಿಸಾಡಿ ಅವಳನ್ನು ತಬ್ಬಿಕೊಂಡು ಅತ್ತಳು. ಪಾಸಾದವಳು ಅಳಲಿಲ್ಲ.

"ನೀನ್ಯಾಕೆ ಅಳುದು?" ಎಂದೆ.

"ಗೊತ್ತಿಲ್ಲ ಆಂಟಿ, ಸುಮ್ನಿರಿ."

ಚಹಾ ಬಂತು, ಬಿಸ್ಕತ್ತು ಬಂತು. ಎಲ್ಲರೂ ಒಟ್ಟಿಗೆ ಮಾತು. ಅವನಿಗೆ ಏನು ಹೇಳಿದೆ ಎಂದು ದುಭಾಷಿ ಕೇಳಿದ್ದಕ್ಕೆ, "ಪೇದೆ, ಅಲ್ಲಿಗೆ," ಎಂದು ಇನ್‌ಸ್ಪೆಕ್ಟರಮ್ಮ ಇಂಗ್ಲಿಷಿನಲ್ಲಿ ಹೇಳಿ ತೋರಿಸಿದಳು. ಹೇಳುವಾಗ ಅವಳಿಗೇ ನಾಚಿಕೆಯಾಯಿತು. ಮಳೆ ಜೋರಾಗಿ ಗಾಜಿಗೆ ಹೊಡೆಯುತ್ತಿತ್ತು. ಅಷ್ಟರಲ್ಲಿ ಕಿಟಕಿಯ ಹತ್ತಿರ ನಿಂತಿದ್ದ ಯಾರೋ, "ಅಯ್ಯೋ, ಅವರು ಇನ್ನೂ ಅಲ್ಲೇ ಇದ್ದಾರೆ," ಎಂದರು.

ನೋಡಿದರೆ ಹೌದು. ಕಸದ ಡಬ್ಬಿಗಳ ಪಕ್ಕ, ಗೋಡೆಗೆ ಮುಖ ಮಾಡಿ, ಪ್ಲಾಸ್ಟಿಕ್ ಕೋವಿ ಹೆಗಲಿಗಿಟ್ಟು ದೊಡ್ಡವನು ನಿಂತಿದ್ದಾನೆ. ಮಾಸ್ಟ್ರು ಕಿಟಕಿ ತೆಗೆದು, ಮುಗಿಯಿತು ಬನ್ನಿ, ಚಹಾ ಇದೆ ಎಂದು ಕೂಗಿದರು. ಅವನು ತಿರುಗದೆಯೇ ಇಂಗ್ಲಿಷಿನಲ್ಲಿ ಒಂದು ಮಾತು ಕೂಗಿದ, ಮಳೆಯ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಲಿಲ್ಲ.

"ಏನಂತೆ?" ಎಂದು ಕೇಳಿದೆ.

"ಆರ್ಡರ್ ಬಂದಿಲ್ಲ ಅಂತಿದಾರೆ ಆಂಟಿ," ಎಂದಳು ದುಭಾಷಿ.

ಹಟವೋ, ಸಿಟ್ಟೋ, ಶಿಸ್ತೋ, ಇನ್ನೂ ನಟನೆಯಲ್ಲೇ ಇದ್ದನೋ, ನನಗೆ ಗೊತ್ತಾಗಲಿಲ್ಲ. ಮಾಸ್ಟ್ರಿಗೂ ಗೊತ್ತಾಗಲಿಲ್ಲ. ಅವರು ಕಿಟಕಿ ಹಾಕಿ ಇನ್‌ಸ್ಪೆಕ್ಟರಮ್ಮನನ್ನು ನೋಡಿದರು. ಎಲ್ಲರೂ ಅವಳನ್ನೇ ನೋಡಿದರು.

ಅವಳು ಎದ್ದಳು. ಬಾಗಿಲವರೆಗೆ ಹೋದಳು. ಅಲ್ಲಿಂದ ತಿರುಗಿ ಮೇಜಿನ ಮೇಲಿದ್ದ ತನ್ನ ಕಪ್ಪು ನೋಡಿದಳು. ಅರ್ಧ ಚಹಾ ಉಳಿದಿತ್ತು. ವಾಪಸು ಬಂದು ಕೂತು ಅದನ್ನು ಕುಡಿದಳು.